ಹಿಂದಕ್ಕೆ ಉರುಳುವ ಮೋಡ

ರನ್‌ವೇಯ ನಡುಗೆರೆಯ ಮೇಲೆ ಕಪ್ಪಗೆ ಏನೋ ಬಿದ್ದಿತ್ತು. ಅವನು ಜೀಪಿನ ವೇಗ ತಗ್ಗಿಸಿ, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ಇತ್ತು. ಇಳಿದು, ಬಗ್ಗಿ ಎತ್ತಿಕೊಂಡ: ಯಾವುದೋ ವಿಮಾನದ ಚಕ್ರದಿಂದ ಕಿತ್ತುಬಂದ ರಬ್ಬರಿನ ಚೂರು, ಅಂಗೈಯಗಲ. ಅದರ ತೂಕ ಕೈಗೆ ತಿಳಿದ ಮೇಲೆಯೇ ಉಸಿರು ಸಲೀಸಾಯಿತು. ದಿನದ ಮೊದಲ ವಿಮಾನ ಬರುವ ಮುನ್ನ ರನ್‌ವೇಯ ಉದ್ದಕ್ಕೂ ಜೀಪು ಓಡಿಸಿ ಕಲ್ಲು, ಮೊಳೆ, ಸತ್ತ ಹಕ್ಕಿ, ಕೆಟ್ಟ ದೀಪ ಏನಾದರೂ ಇದೆಯೇ ಎಂದು ನೋಡುವುದು ಅವನ ಕೆಲಸ. ಇರುವುದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಹೇಳುವುದಕ್ಕೇ ಸಂಬಳ. ಇಂಥವಳ ಮಗನಿಗೆ ಇಂಥ ಕೆಲಸ ಎಂದು ಮದುವೆಯ ಹೊಸದರಲ್ಲಿ ಮಾವ ನಕ್ಕಿದ್ದರು, ತಮಾಷೆಗೇ. ಊಟದ ಮೇಜಿನ ಸುತ್ತ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಆ ನಗೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇನ್ನೂ ಉಳಿದಿತ್ತು.

ಈಚೆಗೆ ಅವನಿಗೊಂದು ಚಾಳಿ ಅಂಟಿಕೊಂಡಿತ್ತು. ಒಬ್ಬನೇ ಇದ್ದಾಗ ಏನಾದರೂ ಕಂಡರೆ, ಏನಾದರೂ ಕೇಳಿಸಿದರೆ, ಹತ್ತಿರ ಯಾರಾದರೂ ಬರುವವರೆಗೆ ಕಾದು, ಏನೂ ಅಲ್ಲವೆಂಬಂತೆ ಕೇಳುವುದು: “ಆ ನಾಯಿ ಯಾರದು?” “ಫೋನ್ ಹೊಡ್ಕೋತಿದ್ಯಲ್ವಾ?” ಎದುರಿನವರು “ಯಾವುದೋ ಬೀದಿ ನಾಯಿ” ಎಂದರೆ ಎದೆ ಹಗುರ. ಒಮ್ಮೆ ಹೆಂಡತಿ, “ಫೋನಾ? ಇಲ್ವಲ್ಲ” ಎಂದು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದಾಗ ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಿದ್ದ. ಅಮ್ಮನಿಗೆ ಅದು ಶುರುವಾದ ವಯಸ್ಸನ್ನು ಅವನು ಈ ವರ್ಷ ಮುಟ್ಟಿದ್ದ. ಈ ಲೆಕ್ಕವನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ದಿನವಿಡೀ ಕಿವಿಗೆ ಊರಿನವರ ಮಾತು ತುಂಬಿಸಿಕೊಂಡವಳು. ತಂತಿಯಿಲ್ಲದೆಯೇ ಮಾತು ಕೇಳಿಸತೊಡಗಿದಾಗ ಅವಳಿಗೆ ಅದು ಅಷ್ಟೇನೂ ಹೊಸದೆನಿಸಿರಲಿಲ್ಲ. ಆಮೇಲೆ ಎದುರು ಮನೆಯ ತಾರಸಿಯ ಮೇಲೆ ಗಂಡಸರು ಕಾಣಿಸಿಕೊಂಡರು. ಟೇಪು ಹಿಡಿದು ನಮ್ಮ ಮನೆ ಅಳೆಯುತ್ತಿದ್ದಾರೆ ಎಂದಳು. ಆಗಿನ್ನೂ ಹೈಸ್ಕೂಲಿನಲ್ಲಿದ್ದ ಅವನು, ಯಾರೂ ಇಲ್ಲವೆಂದು ತೋರಿಸಿಯೇ ಬಿಡುತ್ತೇನೆಂದು ಆ ತಾರಸಿ ಹತ್ತಿ, ಕೈಬೀಸಿ, ಅತ್ತಿಂದಿತ್ತ ಓಡಾಡಿ, ಬೆವರಿಕೊಂಡು ಇಳಿದು ಬಂದ. ಅಮ್ಮ ಕಿಟಕಿಯಿಂದ ಕದಲದೆ, ಮೆಲ್ಲಗೆ, ಮೋಸಹೋದವಳ ದನಿಯಲ್ಲಿ ಅಂದಿದ್ದಳು: “ನೀನೂ ಅವರ ಜೊತೆ ಸೇರ್ಕೊಂಡ್ಯಲ್ಲೋ.”

ರಬ್ಬರಿನ ಚೂರನ್ನು ಜೀಪಿನ ಹಿಂಬದಿಗೆ ಎಸೆದು ತಿರುಗುವಾಗ, ಮುಖಕ್ಕೆ ಬಡಿಯುತ್ತಿದ್ದ ಬೆಚ್ಚಗಿನ ಗಾಳಿ ಯಾರೋ ಸ್ವಿಚ್ಚು ಒತ್ತಿದ ಹಾಗೆ ನಿಂತಿತು. ಗಾಳಿಯ ದಿಕ್ಕು ತೋರಿಸುವ ಕೆಂಪು ಬಿಳಿ ಪಟ್ಟೆಯ ಚೀಲ ಕಂಬಕ್ಕೆ ಜೋತುಬಿದ್ದಿತು. ಹುಲ್ಲಿನಲ್ಲಿದ್ದ ಹಕ್ಕಿಗಳು ಸುಮ್ಮನಾದವು. ಊರಿನ ಕಡೆ ಮಂಜು ಕವಿದು ಮನೆಗಳೇ ಕಾಣುತ್ತಿರಲಿಲ್ಲ. ಬಯಲಿನ ಕಡೆ ಮಾತ್ರ ಬೆಳಕು ಹರಿದಿತ್ತು. ಆ ಬೆಳಕಿನಲ್ಲಿ, ರನ್‌ವೇಯ ಆಚೆ ತುದಿಯ ಮೇಲೆ, ಆಕಾಶದ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಕೊಳವೆ ಮಲಗಿತ್ತು. ಮೋಡವೇ, ಆದರೆ ಮೋಡ ಹೀಗಿರುವುದಿಲ್ಲ. ಮೊದಲಿಗೆ ಅದು ನಿಂತಿದೆ ಎಂದುಕೊಂಡ. ಆಮೇಲೆ ಅದರ ಕೆಳಗಿದ್ದ ಬೇಲಿ ಕಂಬಗಳು ಒಂದೊಂದಾಗಿ ನೆರಳಿಗೆ ಬೀಳುತ್ತಿರುವುದು ಕಂಡಿತು. ಬರುತ್ತಿತ್ತು. ಅಡಿಯಲ್ಲಿ ಮಸಿಯಂಥ ಕಪ್ಪು, ಮೇಲೆ ಹಾಲಿನಂಥ ಬಿಳುಪು, ಉದ್ದಕ್ಕೂ ಒಂದೇ ದಪ್ಪ, ಹೊಸೆದಂತೆ ನುಣುಪು. ಬರಿಯ ಬರುವುದಲ್ಲ, ಉರುಳುತ್ತಿತ್ತು, ಅದೂ ತಲೆಕೆಳಗಾಗಿ. ಎದುರಿನ ಮೈ ಮೇಲಕ್ಕೇರಿ ಹಿಂಬದಿಗೆ ಬೀಳುತ್ತಿತ್ತು. ಚಕ್ರ ಮುಂದೆ ಬರುವಾಗ ಉರುಳುವ ಕಡೆಗಲ್ಲ, ಅದಕ್ಕೆ ತೀರಾ ವಿರುದ್ಧವಾಗಿ, ಹಿಂದಕ್ಕೆ ಉರುಳುತ್ತ ಮುಂದಕ್ಕೆ ಬರುತ್ತಿತ್ತು. ಹೀಗಾಗಲು ಸಾಧ್ಯವಿಲ್ಲ ಎಂದು ಅವನಿಗೆ ಅನ್ನಿಸಿದ್ದೇ ಅಲ್ಲಿ. ಅಲ್ಲಿಯವರೆಗೆ ಬೆರಗು ಮಾತ್ರ ಇತ್ತು; ಆ ಉರುಳುವ ದಿಕ್ಕು ನೋಡಿದ ಮೇಲೆ ಕನ್ನಡಕ ತೆಗೆದು ಮತ್ತೊಮ್ಮೆ ಒರೆಸಿ ಹಾಕಿಕೊಂಡ. ಅಮ್ಮನದು ತನಗೂ ಬಂತು, ಅಂದುಕೊಂಡ. ಬಂದೇ ಬಿಟ್ಟಿತು.

ರೇಡಿಯೋ ಎತ್ತಿ ಟವರನ್ನು ಕರೆದ. ಟವರಿನ ಅಧಿಕಾರಿ ಇನ್ನೂ ಬಂದಿರಲಿಲ್ಲ. ಗರಗರ ಸದ್ದು ಬಿಟ್ಟರೆ ಉತ್ತರವಿಲ್ಲ. ಅಗ್ನಿಶಾಮಕ ಗಾಡಿಯ ಶೆಡ್ಡಿನ ಬಾಗಿಲು ಎಳೆದಿತ್ತು. ತಣ್ಣನೆಯ ಗಾಳಿಯೊಂದು ಒಮ್ಮೆಲೇ ನುಗ್ಗಿ ಟೋಪಿ ಹಾರಿಸಿಕೊಂಡು ಹೋಯಿತು. ಗಾಳಿಚೀಲ ತಿರುಗಿ, ಬಿರುಸಾಗಿ, ಅಡ್ಡಡ್ಡ ನಿಂತಿತು. ಅವನು ಜೀಪಿನೊಳಗೆ ಕೂರಬಹುದಿತ್ತು, ಗಾಡಿ ತಿರುಗಿಸಿ ಓಡಬಹುದಿತ್ತು. ಬದಲಿಗೆ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಟೈರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಕುಳಿತಲ್ಲಿಂದಲೇ ತಲೆಯೆತ್ತಿ ನೋಡಿದ. ಅದು ತಲೆಯ ಮೇಲೆಯೇ ಹಾಯುತ್ತಿತ್ತು, ಸದ್ದಿಲ್ಲದೆ, ಕೈಗೆಟಕುವಷ್ಟು ಕೆಳಗಿದೆ ಎನ್ನಿಸುವಂತೆ. ಅದರ ಹೊಟ್ಟೆಯ ಕಪ್ಪಿನಲ್ಲಿ ಸಣ್ಣ ಸಣ್ಣ ಎಳೆಗಳು ಬಿಚ್ಚಿಕೊಂಡು ಮತ್ತೆ ಸುತ್ತಿಕೊಳ್ಳುತ್ತಿದ್ದವು. ಚೆಂದವಿತ್ತು. ಹೆದರಿ ಸಾಯುತ್ತಿರುವಾಗ ಚೆಂದವೆನ್ನಿಸಿದ್ದಕ್ಕೆ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು; ಅಮ್ಮನಿಗೂ ಹೀಗೇ ಆಗುತ್ತಿತ್ತೇ, ಆ ತಾರಸಿಯ ಗಂಡಸರು ಅವಳಿಗೆ ಒಂದು ಗಳಿಗೆ ಚೆಂದ ಕಂಡದ್ದುಂಟೇ ಎಂದು ಯೋಚಿಸಿದ. ಅದು ಅವನ ಮನೆಯಿದ್ದ ಕ್ವಾರ್ಟರ್ಸಿನ ಮೇಲೆ ಸಾಗಿ ಊರಿನ ಮಂಜಿನೊಳಗೆ ಇಳಿದುಹೋಯಿತು. ಅದು ಹೋದ ಮೇಲೆ ಆಕಾಶ ಏನೂ ಗೊತ್ತಿಲ್ಲದ ಸಂಭಾವಿತನ ಹಾಗೆ ನೀಲಿಯಾಗಿ ನಿಂತಿತ್ತು.

ಅಗ್ನಿಶಾಮಕ ಗಾಡಿಯ ಚಾಲಕನನ್ನು ಎಲ್ಲರೂ ಕೊಡಪಾನ ಎಂದೇ ಕರೆಯುತ್ತಿದ್ದರು. ಗಾಡಿಯ ಹೊಟ್ಟೆಯಲ್ಲಿ ನೀರೆಷ್ಟೋ ಅವನ ಹೊಟ್ಟೆಯಲ್ಲೂ ಅಷ್ಟೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಶೆಡ್ಡಿನ ಬಾಗಿಲು ಎತ್ತಿ ಹಲ್ಲುಜ್ಜುತ್ತ ಹೊರಬಂದವನ ಎದುರು ನಿಂತು ಅವನು, “ಈಗ ಒಂದು ಗಾಳಿ ಬಂತಲ್ಲ...” ಎಂದು ಶುರುಮಾಡಿದ. ಕೊಡಪಾನ, “ಗಾಳಿನಾ? ನಂಗೆ ಬಾಂಬ್ ಬಿದ್ರೂ ಎಚ್ಚರ ಆಗಲ್ಲ ಸಾರ್” ಎಂದ. “ಮೋಡ ಬಂತು. ಉದ್ದಕ್ಕೆ. ಕೊಳವೆ ಥರ. ಉರುಳ್ಕೊಂಡು ಹೋಯ್ತು.” ಕೊಡಪಾನ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಆಕಾಶ ನೋಡಿದ, ಅವನ ಮುಖ ನೋಡಿದ. “ಹಾಸಿಗೆ ಸುತ್ತಿ ಇಟ್ಟ ಹಾಗಾ? ಒಳಗೆ ಯಾರಾದ್ರೂ ಮಲಗಿದ್ರಾ ಸಾರ್?” ಅಷ್ಟು ಹೊತ್ತಿಗೆ ಸ್ಕೂಟರ್ ನಿಲ್ಲಿಸಿ ಬಂದ ಟವರಿನ ಅಧಿಕಾರಿ, “ಏನು, ಏನು?” ಎಂದು ಕೇಳಿದರು. ಎಳೆಯ ವಯಸ್ಸಿನ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. “ನಮ್ಮೋರು ಬೆಳಗ್ಗೆ ಬೆಳಗ್ಗೆ ಆಕಾಶದಲ್ಲಿ ಕೊಳವೆ ನೋಡಿದ್ರಂತೆ,” ಎಂದ ಕೊಡಪಾನ. ಅಧಿಕಾರಿ ನಗಲಿಲ್ಲ. ಹುಬ್ಬು ಸ್ವಲ್ಪ ಮೇಲೇರಿಸಿ, “ಕೊಳವೆ ಅಂದ್ರೆ? ಎಷ್ಟು ಎತ್ತರದಲ್ಲಿ? ಗಾಳಿ ಮೀಟರ್ ಕೆಟ್ಟು ಕೂತಿದೆ, ಇಲ್ಲಾಂದ್ರೆ ನೋಡಬಹುದಿತ್ತು. ನೀವು... ನಿದ್ದೆ ಆಯ್ತಾ ಸರಿಯಾಗಿ?” ಎಂದರು. ಕೇಳಿದ್ದು ಮರ್ಯಾದೆಯಿಂದಲೇ. ಆದರೆ ಆ ಮಾತು, ಆ ಮೃದು ದನಿ, ತಲೆ ತುಸು ವಾಲಿಸಿದ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ಅಮ್ಮನ ಮುಂದೆ ತಾನೇ ಆ ದನಿಯಲ್ಲಿ ಮಾತಾಡಿದ್ದ. “ತಮಾಷೆಗೆ ಹೇಳ್ದೆ ಸಾರ್,” ಎಂದ. “ಇವನನ್ನ ಎಬ್ಬಿಸೋದಕ್ಕೆ.” ಮೂವರೂ ನಕ್ಕರು. ಟೋಪಿ ಹುಡುಕಿಕೊಂಡು ಹುಲ್ಲಿನಲ್ಲಿ ಬಹಳ ದೂರ ನಡೆಯಬೇಕಾಯಿತು.

ಬೆಳಗಿನ ವಿಮಾನ ಬಂದು ಹೋಯಿತು. ಅದು ಬೇರೆ ದಿಕ್ಕಿನಿಂದ ಬರುವಂಥದ್ದು. ಇಳಿದವರು ಯಾರೂ ಆಕಾಶದ ಸುದ್ದಿ ಎತ್ತಲಿಲ್ಲ. ಗೇಟಿನ ಕಾವಲುಗಾರನ ಹತ್ತಿರ “ಬೆಳಗ್ಗೆ ಚಳಿ ಇತ್ತಲ್ವಾ” ಎಂದು ನೋಡಿದ. “ಚಳಿಗಾಲ ಬಂತಲ್ಲ ಸಾರ್” ಎಂಬ ಉತ್ತರದಲ್ಲಿ ಹಿಡಿಯಲಿಕ್ಕೆ ಏನೂ ಇರಲಿಲ್ಲ. ಮಧ್ಯಾಹ್ನ ಕ್ವಾರ್ಟರ್ಸಿಗೆ ನಡೆದುಹೋಗುವಾಗ ಅವನು ತನ್ನನ್ನು ತಾನೇ ವೈದ್ಯನ ಹಾಗೆ ವಿಚಾರಿಸಿಕೊಳ್ಳುತ್ತಿದ್ದ: ಕಂಡದ್ದು ನಿನ್ನೊಡನೆ ಮಾತಾಡಿತೇ? ಇಲ್ಲ. ನಿನಗಾಗಿಯೇ ಬಂದಿದೆ ಅನ್ನಿಸಿತೇ? ಅದಕ್ಕೆ ಉತ್ತರ ತಡವಾಯಿತು. ಬಾಗಿಲು ತೆರೆದ ಹೆಂಡತಿಯ ಮುಖ ನೋಡಿದ ಕೂಡಲೇ ಇವಳಿಗೆ ಹೇಗೆ ಗೊತ್ತಾಯಿತು ಎಂದು ಅವನು ಹೊಸಿಲಲ್ಲೇ ನಿಂತ. ಅವಳು ತುಂಬು ಬಸುರಿ. ಒಂದು ಕೈ ಬಾಗಿಲ ಚೌಕಟ್ಟಿಗೆ ಆನಿಸಿ, ಇನ್ನೊಂದು ಕೈಯಿಂದ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಮತ್ತೆ ಶುರುವಾಯ್ತು ಕಣ್ರೀ,” ಎಂದಳು, ದನಿ ತಗ್ಗಿಸಿ.

“ಏನು?”

“ಅತ್ತೆಗೆ. ಬೆಳಗ್ಗೆ ನಾನು ಏಳೋಷ್ಟರಲ್ಲಿ ಕಿಟಕಿ ಹತ್ರ ನಿಂತಿದ್ರು. ಮೈಯೆಲ್ಲ ನಡುಗ್ತಿತ್ತು. ಆಕಾಶ ಸುರುಳಿ ಸುತ್ಕೊಂಡು ಹೋಯ್ತು ಅಂದ್ರು. ಮನೆ ಮೇಲೇ ಹೋಯ್ತಂತೆ. ನಾನು ನೋಡ್ದೆ, ಏನಿದೆ ಅಲ್ಲಿ? ನೀಲಿ ಆಕಾಶ. ಇಷ್ಟು ವರ್ಷ ಚೆನ್ನಾಗಿದ್ರಲ್ರೀ... ಡಾಕ್ಟ್ರಿಗೆ ಫೋನ್ ಮಾಡಿದೀನಿ. ಸಂಜೆಗೆ ಮುಂಚೆ ಕರ್ಕೊಂಡು ಬನ್ನಿ ಅಂದಿದಾರೆ.”

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವನಿಗೆ ಮೊದಲು ಆದದ್ದು ಸಂತೋಷ. ಕಾಲಿನಿಂದ ತಲೆಯವರೆಗೆ ಬಿಸಿನೀರು ಹರಿದಂಥ ಸಂತೋಷ: ಇತ್ತು, ಹಾಗಾದರೆ ಇತ್ತು. ಅದು ನೆಲೆಯಾಗುವ ಮುನ್ನವೇ ಅದರ ಬೆನ್ನಿಗೆ ಇನ್ನೊಂದು ಯೋಚನೆ ಬಂದಿತ್ತು. ಸಾಕ್ಷಿ ಹೇಳುತ್ತಿರುವುದು ಯಾರು? ಊರಿನಲ್ಲಿ ಇಷ್ಟು ಜನರಿದ್ದು ಅವಳಿಗೊಬ್ಬಳಿಗೆ ಕಂಡದ್ದು ತನಗೆ ಕಂಡಿದೆ ಎಂದರೆ, ತೀರ್ಮಾನವಾದದ್ದು ಮೋಡ ಇತ್ತೆಂದೋ, ಅವಳ ರಕ್ತ ತನ್ನಲ್ಲಿದೆ ಎಂದೋ? ಹೆಂಡತಿ ಬಸುರಿಯಾದ ಹೊಸತರಲ್ಲಿ ಇದೇ ಡಾಕ್ಟರ ಕೋಣೆಯ ಹೊರಗೆ, ಅವನು ಔಷಧಿ ಅಂಗಡಿಗೆ ಹೋಗಿದ್ದಾನೆ ಎಂದುಕೊಂಡು, “ಇದು ರಕ್ತದಲ್ಲಿ ಬರೋದಾ?” ಎಂದು ಕೇಳಿದ್ದಳು. “ಎಲ್ಲರಿಗೂ ಬರಲ್ಲ,” ಎಂದಿದ್ದರು ಡಾಕ್ಟರು. ಮೂಲೆಯಲ್ಲಿ ಚೀಟಿ ಹಿಡಿದು ನಿಂತ ಅವನು ಆ ‘ಎಲ್ಲರಿಗೂ’ ಎಂಬ ಮಾತನ್ನು ಮನೆಗೆ ಹೊತ್ತು ತಂದಿದ್ದ. ಈಗ ಹೆಂಡತಿಯ ಕೈ ಹೊಟ್ಟೆಯ ಮೇಲಿತ್ತು. ನಾನೂ ನೋಡಿದೆ ಎಂದರೆ ಆ ಕೈ ಏನು ಮಾಡುತ್ತದೆ ಎಂಬುದನ್ನು ಅವನು ನೋಡಲಾರದವನಾಗಿದ್ದ. “ಹೋಗೋಣ,” ಎಂದನಷ್ಟೇ.

ಅಮ್ಮ ತನ್ನ ಕೋಣೆಯಲ್ಲಿ ಮಂಚದ ಅಂಚಿಗೆ, ಬಸ್ಸಿಗೆ ಕಾಯುವವಳ ಹಾಗೆ ಕುಳಿತಿದ್ದಳು. ಕಿಟಕಿಯ ಪರದೆ ಎಳೆದಿತ್ತು. ಆ ಕಿಟಕಿಯಿಂದ ರನ್‌ವೇ ಪೂರ್ತಿ ಕಾಣುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು. “ಏನಮ್ಮಾ, ಬೆಳಗ್ಗೆ ಏನೋ ನೋಡಿದ್ಯಂತೆ?” ಎಂದು ಕೇಳಿದ. ಕೇಳುವಾಗಲೇ ಆ ಮೃದು ದನಿ ಬಂದುಬಿಟ್ಟಿತ್ತು. ಅಮ್ಮ ಅವನ ಮುಖವನ್ನು ದಿಟ್ಟಿಸಿದಳು, ಹುಡುಕುವವಳ ಹಾಗೆ, ಬಹಳ ಹೊತ್ತು. “ಏನಿಲ್ಲಪ್ಪ. ಕಣ್ಣು ಮಂಜಾಗಿತ್ತು,” ಎಂದಳು. ಆಮೇಲೆ, “ನಿನ್ನ ಟೋಪಿ ಸಿಕ್ತಾ?” ಎಂದಳು. ಅವನು ಎದ್ದು, ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟ.

ಡಾಕ್ಟರ ಕೋಣೆಯಲ್ಲಿ ಮೂವರು ಕೂರಲು ಒಂದು ಕುರ್ಚಿ ಕಡಿಮೆ. ಅವನು ನಿಂತ. ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಅಮ್ಮನನ್ನು ಬಹಳ ವರ್ಷದಿಂದ ಬಲ್ಲವರು, ಕನ್ನಡಕ ಹಣೆಗೇರಿಸಿ, “ಏನು ನೋಡಿದ್ರಿ? ನನಗೂ ಹೇಳಿ,” ಎಂದರು. ಅಮ್ಮ ಈಗಲೂ ಕಣ್ಣು ಮಂಜಾಗಿತ್ತು ಎನ್ನುತ್ತಾಳೆಂದು ಅವನು ಕಾದಿದ್ದ, ಹಾಗೆ ಹೇಳಲೆಂದು ಒಳಗೊಳಗೇ ಬೇಡುತ್ತಲೂ ಇದ್ದ. ಆದರೆ ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಎಕ್ಸ್‌ಚೇಂಜಿನಲ್ಲಿ ಮಾತಾಡುತ್ತಿದ್ದ ಆ ಹಳೆಯ ಸ್ಪಷ್ಟ ಧ್ವನಿಯಲ್ಲಿ ಹೇಳಿದಳು:

“ಮೋಡ. ಉದ್ದಕ್ಕೆ ಇತ್ತು, ಎರಡೂ ಕಡೆ ಕೊನೇನೇ ಇರ್ಲಿಲ್ಲ. ಕೆಳಗೆ ಕಪ್ಪು, ಮೇಲೆ ಬಿಳಿ. ಉರುಳ್ಕೊಂಡು ಬಂತು. ಆದ್ರೆ ಡಾಕ್ಟ್ರೇ, ಹಿಂದಕ್ಕೆ ಉರುಳ್ತಾ ಮುಂದಕ್ಕೆ ಬರ್ತಿತ್ತು. ಅದೇ ನನಗೆ ಆಶ್ಚರ್ಯ.”

“ಭಯ ಆಯ್ತಾ?”

“ನನಗಲ್ಲ. ಅದರ ಅಡಿಯಲ್ಲಿ ಇವನ ಜೀಪಿತ್ತು. ಇವನು ಚಕ್ರ ಹಿಡ್ಕೊಂಡು ಕೂತಿದ್ದ.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು. ಆ ನೋಟದಲ್ಲಿ ಅನುಮಾನವೇನೂ ಇರಲಿಲ್ಲ, ಅವನು ಅವರ ಕಡೆಯವನು, ಆರೋಗ್ಯವಂತರ ಕಡೆಯವನು, ಬಹಳ ವರ್ಷಗಳಿಂದ ಈ ಕೋಣೆಗೆ ನಂಬಿಕೆಯ ವರದಿ ತರುತ್ತಿರುವವನು. “ನೀವು ಏರ್‌ಫೀಲ್ಡಿನಲ್ಲೇ ಇದ್ರಲ್ಲ. ಏನಾದ್ರೂ ಇತ್ತಾ?” ಹಿಂದಕ್ಕೆ ಉರುಳುತ್ತ, ಎಂದಿದ್ದಳು ಅಮ್ಮ. ಈ ಮಾತನ್ನು ಅವನು ಕೊಡಪಾನನಿಗೂ ಹೇಳಿರಲಿಲ್ಲ. ರಕ್ತದ ಮಾತು ಮುಗಿದಿತ್ತು. ಯಾರ ರಕ್ತವೂ ಇಷ್ಟು ಕರಾರುವಾಕ್ಕಾಗಿ ಅವನು ಟೈರು ತಬ್ಬಿ ಕೂತದ್ದನ್ನು ಊಹಿಸಲಾರದು. ಮೋಡ ಇತ್ತೆಂದು ಆ ಗಳಿಗೆಯಲ್ಲಿ ಅವನಿಗೆ ಗೋಡೆಯ ಮೇಲಿನ ಗಡಿಯಾರದಷ್ಟೇ ಖಚಿತವಾಗಿ ಗೊತ್ತಿತ್ತು. ಆದರೂ ಡಾಕ್ಟರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು, ಹೆಂಡತಿ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು, ಬೆಳಿಗ್ಗೆ ತಾನೇ ತಮಾಷೆಗೆ ಎಂದು ಹೇಳಿ ನಕ್ಕದ್ದು ಕಿವಿಯಲ್ಲಿತ್ತು. ಇಲ್ಲಿ ಒಂದು ಮಾತು ತಪ್ಪಿದರೆ ಮುಂದಿನ ಸಲ ಮಡಿಲಲ್ಲಿ ಕೈಯಿಟ್ಟುಕೊಂಡು ಆ ಕುರ್ಚಿಯಲ್ಲಿ ಕೂರುವವನು ತಾನು. ಅಮ್ಮ ಮಾತ್ರ ಅವನನ್ನು ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತ, ಅವನಿಗೆ ದಾರಿ ಮಾಡಿಕೊಡುವವಳ ಹಾಗೆ, “ಅವನಿಗೆ ಕೆಲಸದ ಗಡಿಬಿಡಿ. ನೋಡಿರಲ್ಲ,” ಎಂದಳು.

“ಆಕಾಶ ಶುಭ್ರವಾಗಿತ್ತು ಡಾಕ್ಟ್ರೇ,” ಎಂದ ಅವನು.

ಪೆನ್ನು ಓಡಿತು. ಹಳೆಯ ಮಾತ್ರೆಯ ಜೊತೆ ಹೊಸದೊಂದು, ಈಗಲೇ ಒಂದು ಇಂಜೆಕ್ಷನ್ನು. ಎರಡು ಮೂರು ದಿನ ತುಂಬ ನಿದ್ದೆ ಬರುತ್ತದೆ, ಕೈ ಸ್ವಲ್ಪ ನಡುಗಬಹುದು, ಗಾಬರಿಯಾಗಬೇಡಿ. ಕಡಿಮೆಯಾಗದಿದ್ದರೆ ಸ್ವಲ್ಪ ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋಣ, ಮಗು ಹುಟ್ಟುವ ಸಮಯ ಬೇರೆ. ಏನೇ ಇದ್ದರೂ ಮನೆಗೆ ಫೋನ್ ಮಾಡಿ ಎಂದು ಡಾಕ್ಟರು ಚೀಟಿಯ ಹಿಂದೆ ನಂಬರು ಬರೆದರು. ನರ್ಸು ತೋಳು ಹಿಡಿದಾಗ ಅಮ್ಮ ತಾನೇ ತೋಳನ್ನು ಮುಂದೆ ಚಾಚಿದಳು. ಟ್ಯಾಕ್ಸಿಯಲ್ಲಿ ಅವಳ ತಲೆ ಅವನ ಭುಜಕ್ಕೆ ವಾಲಿ ಭಾರವಾಗುತ್ತ ಬಂತು. ರಸ್ತೆಯಲ್ಲಿ ಮಕ್ಕಳು ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದವು, ಒಬ್ಬ ಏಣಿ ಹಾಕಿಕೊಂಡು ಅಂಗಡಿಯ ಹಲಗೆಗೆ ಬಣ್ಣ ಬಳಿಯುತ್ತಿದ್ದ. ನೋಡಿದ್ದನ್ನೆಲ್ಲ ನಿಜವೇ ಎಂದು ಒರೆಹಚ್ಚುವ ಚಾಳಿ ಅವನಿಗೆ ಆ ದಾರಿಯಲ್ಲಿ ಒಮ್ಮೆಯೂ ನೆನಪಾಗಲಿಲ್ಲ. ಎಲ್ಲವೂ ಅಸಹ್ಯವಾಗುವಷ್ಟು ನಿಜವಾಗಿತ್ತು.

ಸಂಜೆಯ ಅಂಚೆ ವಿಮಾನಕ್ಕೆ ಅವನು ಮತ್ತೆ ಏರ್‌ಫೀಲ್ಡಿಗೆ ಹೋಗಬೇಕಿತ್ತು. ಸಣ್ಣ ವಿಮಾನ, ಒಬ್ಬನೇ ಪೈಲಟ್, ನರೆತ ಮೀಸೆಯವರು, ನಿವೃತ್ತಿಗೆ ಹತ್ತಿರದವರು, ಮಾತು ಕಮ್ಮಿ. ಆದರೆ ಅಂದು ಇಳಿದವರೇ ಚೀಲಗಳನ್ನು ಇಳಿಸುವ ಮೊದಲು, ಇನ್ನೂ ಕಿವಿಯ ಹೆಡ್‌ಫೋನನ್ನು ತೆಗೆಯದೆ, ಕೂಗಿ ಹೇಳಿದರು: “ಬೆಳಗ್ಗೆ ಇಲ್ಲಿ ಯಾರಿದ್ರಿ? ಯಾರಾದ್ರೂ ನೋಡಿದ್ರಾ ಅದನ್ನ?” ಬೆಳಗಿನ ಜಾವ ಬಯಲಿನಾಚೆ ಬೇರೆ ಊರಿಗೆ ಹಾರುತ್ತಿದ್ದಾಗ ಮೇಲಿನಿಂದ ನೋಡಿದರಂತೆ; ನೆಲದ ಉದ್ದಕ್ಕೂ ಬಿಳಿಯ ದಿಂಬು ಇಟ್ಟ ಹಾಗೆ, ಈ ಏರ್‌ಫೀಲ್ಡಿನ ಕಡೆಗೇ ಹೋಗುತ್ತಿತ್ತಂತೆ. “ಜೀವಮಾನ ಇಡೀ ಹಾರಿದೀನಿ. ಇದೇ ಮೊದಲು. ಪುಸ್ತಕದಲ್ಲಿ ಓದಿದ್ದೆ, ನಂಬಿರ್ಲಿಲ್ಲ ಕಣ್ರೀ.” ಕೊಡಪಾನ ತೊಡೆ ತಟ್ಟಿಕೊಂಡ. “ಅಯ್ಯೋ ಶಿವನೇ! ನಮ್ಮೋರು ಬೆಳಗ್ಗೆನೇ ಹೇಳಿದ್ರು ಸಾರ್! ನಾವೇ ನಕ್ಕುಬಿಟ್ವಿ!” ಎಂದು ಅವನ ಬೆನ್ನು ಗುದ್ದಿದ. ಪೈಲಟ್ ಅವನ ಕೈ ಹಿಡಿದು ಕುಲುಕಿ, ಬಿಡದೆ, “ನೀವು ಅಡಿಯಲ್ಲೇ ಇದ್ರಾ? ಅದೃಷ್ಟವಂತರು. ಹೇಗಿತ್ತು? ಹೇಳಿ, ಹೇಗಿತ್ತು?” ಎಂದರು. ಟವರಿನ ಅಧಿಕಾರಿ ಮಾತ್ರ ಅರ್ಥವಾಗದವರಂತೆ, “ಮತ್ತೆ ತಮಾಷೆಗೆ ಅಂದ್ರಲ್ಲ ನೀವು?” ಎಂದು ಕೇಳಿದರು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು, ನಂಬಲು ತಯಾರಾಗಿ. ಇಷ್ಟು ಸುಲಭವಾಗಿ ಸಿಕ್ಕುವ ನಂಬಿಕೆ ಅವನ ಮೈಗೆ ಕೊಳಕಿನ ಹಾಗೆ ಅಂಟಿತು. “ಮನೆಗೆ ಹೋಗ್ಬೇಕು,” ಎಂದು ಕೈ ಬಿಡಿಸಿಕೊಂಡು ಹೊರಟ. ನಡೆಯುತ್ತಿದ್ದವನು ಹುಲ್ಲಿನ ನಡುವೆ ಓಡತೊಡಗಿದ.

ಅಡುಗೆಮನೆಯಲ್ಲಿ ನಿಂತೇ ಹೆಂಡತಿಗೆ ಹೇಳಿದ. ಮೋಡ, ಜೀಪು, ಟೈರು, ತಮಾಷೆ ಎಂದದ್ದು, ಎಲ್ಲವನ್ನೂ. ಅವಳು ಸ್ಟೂಲು ಎಳೆದುಕೊಂಡು ಕುಳಿತಳು. “ಡಾಕ್ಟ್ರ ಮುಂದೆ ಯಾಕೆ ಹೇಳ್ಲಿಲ್ಲ?” ಎಂದಳು. ಅವಳ ಕೈ ಹೊಟ್ಟೆಯ ಮೇಲಿತ್ತು, ಅಲ್ಲಿಂದ ಎತ್ತಿ ಏನು ಮಾಡಬೇಕೆಂದು ತಿಳಿಯದೆ ಪಕ್ಕದ ಲೋಟವನ್ನು ಹಿಡಿದುಕೊಂಡಳು. “ನಾನು ಅವತ್ತು ಕಾರಿಡಾರಲ್ಲಿ ಕೇಳಿದ್ದು ನಿಮಗೆ ಕೇಳಿಸಿತ್ತು ಅಲ್ವಾ?” ಎಂದಳು. ಅವನು ಹೌದೆಂದು ತಲೆಯಾಡಿಸಿದ. ಇಷ್ಟು ತಿಂಗಳು ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಬಚ್ಚಿಟ್ಟುಕೊಂಡದ್ದು ಇಷ್ಟೇ ಸಣ್ಣ ಸದ್ದಿನಲ್ಲಿ ಹೊರಗೆ ಬಂತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಮೊದಲು ಅತ್ತೆಗೆ ಹೇಳಿ ಹೋಗಿ,” ಎಂದಳು. “ನಾನು ಡಾಕ್ಟ್ರ ಮನೆಗೆ ಫೋನ್ ಹಚ್ತೀನಿ.”

ಅಮ್ಮ ಮಗ್ಗುಲಾಗಿ ಮಲಗಿದ್ದಳು. ಕಣ್ಣು ಅರೆ ತೆರೆದಿತ್ತು, ತುಟಿ ಒಣಗಿತ್ತು, ಹೊದಿಕೆಯ ಮೇಲಿದ್ದ ಬೆರಳುಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು. ಅವನು ನೆಲದ ಮೇಲೆ ಕುಳಿತು, “ಅಮ್ಮಾ, ಬೆಳಗ್ಗೆ ನಾನೂ ನೋಡ್ದೆ. ನೀನು ಹೇಳಿದ್ದೆಲ್ಲ ನಿಜ. ನಾನು ಸುಳ್ಳು ಹೇಳ್ದೆ,” ಎಂದ. ಅವಳು ತಟ್ಟನೆ ಬೆರಳು ಅವನ ಬಾಯಿಯ ಕಡೆ ತಂದಳು. ನಡುಗುವ ಕೈ ಗುರಿ ತಪ್ಪಿ ಕೆನ್ನೆಗೆ ತಾಗಿತು.

“ಬಾಗಿಲು ಹಾಕು,” ಎಂದಳು. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. “ಯಾರಿಗೂ ಹೇಳ್ಬೇಡ. ನಂಗೆ ಗೊತ್ತು ನೀನು ನೋಡಿದೀಯ ಅಂತ. ಟೋಪಿ ಕೇಳ್ದಾಗ ನಿನ್ನ ಮುಖ ನೋಡ್ದೆನಲ್ಲ. ನನ್ನಿಂದಾನೇ ಬಂತು ನಿಂಗೆ. ಆಗ್ಲಿ. ಇಬ್ರೂ ಯಾಕೆ ನುಂಗ್ಬೇಕು ಈ ಮಾತ್ರೆನ? ನಾನೊಬ್ಳು ನುಂಗ್ತೀನಲ್ಲ, ಸಾಕು.”

ಮೇಜಿನ ಅಂಚು ನೋಡುತ್ತ ಅವಳು ಹೇಳಿದ್ದ ‘ನೋಡಿರಲ್ಲ’ ಎಂಬ ಮಾತಿನ ಅರ್ಥ ಅವನಿಗೆ ಈಗ ಪೂರ್ತಿಯಾಗಿ ಇಳಿಯಿತು. “ರೋಗ ಅಲ್ಲಮ್ಮ ಅದು. ನಿಜವಾಗ್ಲೂ ಇತ್ತು. ಅಂಚೆ ವಿಮಾನದ ಪೈಲಟ್ ಕೂಡ ನೋಡಿದಾರೆ, ಮೇಲಿಂದ.”

ಅಮ್ಮ ಇದನ್ನು ಸ್ವಲ್ಪ ಹೊತ್ತು ಯೋಚಿಸಿದಳು. “ಪಾಪ,” ಎಂದಳು. “ಅವನಿಗೂ ಹೇಳು, ಎಲ್ಲೂ ಬಾಯಿ ಬಿಡೋದು ಬೇಡ ಅಂತ. ಮಕ್ಕಳು ಮರಿ ಇರೋನು, ಕೆಲಸ ಹೋದೀತು.”

ನಗು ಬರಬೇಕಾದಲ್ಲಿ ಅವನ ಕಣ್ಣಲ್ಲಿ ನೀರು ಬಂತು. ಡಾಕ್ಟರ ಕೋಣೆಯಲ್ಲಿ ಒಂದೇ ಒಂದು ಮಾತಿನಲ್ಲಿ ಅವಳಿಗೆ ಸಿಗಬಹುದಾಗಿದ್ದದ್ದನ್ನು ಈಗ ಎಷ್ಟು ಮಾತಾಡಿದರೂ ಕೊಡಲಾಗುತ್ತಿರಲಿಲ್ಲ. ಅವನು ಹೇಳಿದಷ್ಟೂ ಅವಳ ಹೆದರಿಕೆ ಹೆಚ್ಚುತ್ತಿತ್ತು. ನಡುಮನೆಯಿಂದ ಹೆಂಡತಿ, “ರೀ, ಡಾಕ್ಟ್ರು ಲೈನಲ್ಲಿದಾರೆ,” ಎಂದು ಕರೆದಳು. ಫೋನು ಕೋಣೆಯ ಬಾಗಿಲಿಗೆ ಹೊಂದಿಕೊಂಡ ಮೇಜಿನ ಮೇಲಿತ್ತು. ಅವನು ಏಳಹೋದಾಗ ಅಮ್ಮ ಅವನ ಅಂಗಿಯ ತುದಿ ಹಿಡಿದಳು, ಬೇಡ, ಬೇಡ ಎಂದು ದಿಂಬಿನ ಮೇಲೆ ತಲೆ ಅತ್ತಿತ್ತ ಆಡಿಸಿದಳು. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊದಿಕೆಯ ಮೇಲಿಟ್ಟು ಎದ್ದ.

ರಿಸೀವರ್ ತಣ್ಣಗಿತ್ತು. ಹೆಂಡತಿ ಎದುರಿಗೇ ನಿಂತಿದ್ದಳು. “ಡಾಕ್ಟ್ರೇ, ಮಧ್ಯಾಹ್ನ ನಾನು ನಿಮಗೆ ಸುಳ್ಳು ಹೇಳ್ದೆ,” ಎಂದ. “ಆ ಮೋಡ ಬಂದಿತ್ತು. ಹಿಂದಕ್ಕೆ ಉರುಳ್ತಾನೇ ಬಂತು. ನಾನು ಅದರ ಅಡಿಯಲ್ಲಿದ್ದೆ. ಟೈರು ಹಿಡ್ಕೊಂಡು ಕೂತಿದ್ದೂ ನಿಜ.”

ಆ ಕಡೆ ದೂರದಲ್ಲಿ ಎಲ್ಲೋ ಪಾತ್ರೆ ತೊಳೆಯುವ ಸದ್ದು, ಯಾರೋ ರೇಡಿಯೋದ ದನಿ ತಗ್ಗಿಸಿದ್ದು ಕೇಳಿಸಿತು. ಡಾಕ್ಟರು ಮತ್ತೆ ಮಾತಾಡಿದಾಗ ಅವರ ದನಿ ಮೃದುವಾಗಿತ್ತು, ಅವಸರವಿಲ್ಲದ್ದಾಗಿತ್ತು.

“ನೀವು ಈಚೆಗೆ ಸರಿಯಾಗಿ ನಿದ್ದೆ ಮಾಡ್ತಿದೀರಾ?”

“ಮಾಡ್ತಿದೀನಿ ಡಾಕ್ಟ್ರೇ.”

“ಅದು ಕಂಡಾಗ ನೀವೊಬ್ರೇ ಇದ್ರಾ?”

ಅವನ ಬಾಯಿಯ ತನಕ ಪೈಲಟ್ಟರ ಹೆಸರು ಬಂದಿತ್ತು. ಹೇಳಿದರೆ ಒಂದೇ ಉಸಿರಿಗೆ ಎಲ್ಲವೂ ಮುಗಿಯುತ್ತದೆ. ಡಾಕ್ಟರು ಅಯ್ಯೋ ಎನ್ನುತ್ತಾರೆ, ನಗುತ್ತಾರೆ, ಹೊಸ ಮಾತ್ರೆ ನಿಲ್ಲಿಸಿ ಎನ್ನುತ್ತಾರೆ. ಹೇಳಬೇಕು, ಹೇಳುತ್ತಾನೆ, ಅಮ್ಮನ ಮಾತ್ರೆ ನಿಲ್ಲಬೇಕಲ್ಲ. ಆದರೆ ಮೊದಲು ಆ ಹೆಸರನ್ನಲ್ಲ. ತಿರುಗಿ ನೋಡಿದ. ತೆರೆದ ಬಾಗಿಲೊಳಗೆ ಅಮ್ಮ ಮೊಣಕೈಯೂರಿ ಎದ್ದು ಕುಳಿತಿದ್ದಳು. ನಿದ್ದೆಯ ಭಾರದ ಕಣ್ಣುಗಳನ್ನು ಕಷ್ಟಪಟ್ಟು ತೆರೆದು, ಇವನು ಈಗ ಏನು ಹೇಳಿಬಿಡುತ್ತಾನೋ ಎಂದು ಇವನ ತುಟಿಗಳನ್ನೇ ನೋಡುತ್ತಿದ್ದಳು.

“ಇಲ್ಲ ಡಾಕ್ಟ್ರೇ,” ಎಂದ, ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ನಮ್ಮಮ್ಮ ನೋಡಿದಾರೆ.”